ಗೃಹ ಮಾಧ್ಯಮ ಸರ್ವರ್‌ನಲ್ಲಿ ವಿಡಿಯೊ ಟ್ರಾನ್ಸ್‌ಕೋಡಿಂಗ್

ಗೃಹ ಮಾಧ್ಯಮ ಸರ್ವರ್ ಎಂದರೆ ಒಂದು ಮನೆಯ ವಿಡಿಯೊ, ಧ್ವನಿಮುದ್ರಿಕೆ ಮತ್ತು ಛಾಯಾಚಿತ್ರಗಳನ್ನು ಒಂದೆಡೆ ಸಂಗ್ರಹಿಸಿಟ್ಟು, ಆ ಮನೆಯ ಟಿವಿ ಹಾಗೂ ಫೋನ್‌ಗಳಿಗೂ ದೂರದಲ್ಲಿರುವ ಕುಟುಂಬದವರ ಸಾಧನಗಳಿಗೂ ಜಾಲದ ಮೂಲಕ ಒದಗಿಸುವ ಗಣಕಯಂತ್ರ. ಸಂಗ್ರಹದಲ್ಲಿರುವ ವಿಡಿಯೊದ ರೂಪವನ್ನು ನೋಡುಗರ ಸಾಧನ ಓದಲಾರದಿದ್ದಾಗ, ಅಥವಾ ಅದರ ದತ್ತಾಂಶವನ್ನು ಅಂತರ್ಜಾಲ ಸಂಪರ್ಕ ಹೊರಲಾರದಿದ್ದಾಗ, ಸರ್ವರ್ ಆ ವಿಡಿಯೊವನ್ನು ಬಿಚ್ಚಿ ಬೇರೊಂದು ರೂಪದಲ್ಲಿ ಮತ್ತೆ ಕಟ್ಟಿ ಕಳುಹಿಸುತ್ತದೆ. ಈ ಕ್ರಿಯೆಗೆ ಟ್ರಾನ್ಸ್‌ಕೋಡಿಂಗ್ ಎಂದು ಹೆಸರು. ಪ್ಲೆಕ್ಸ್, ಎಂಬಿ ಮತ್ತು ಜೆಲ್ಲಿಫಿನ್ ಈ ಕೆಲಸಕ್ಕೆ ಬಳಕೆಯಲ್ಲಿರುವ ಪ್ರಮುಖ ತಂತ್ರಾಂಶಗಳು.

4ಕೆ ಮುಂತಾದ ಅಧಿಕ ಸ್ಪಷ್ಟತೆಯ ವಿಡಿಯೊ ಬಂದ ಮೇಲೆ ಇದಕ್ಕೆ ಬೇಕಾಗುವ ಯಂತ್ರಾಂಶದ ಪ್ರಶ್ನೆ ಮುಖ್ಯವಾಗಿದೆ. ಯಂತ್ರಾಂಶದ ಆಯ್ಕೆ ಮೂರು ಸಂಗತಿಗಳನ್ನು ಅವಲಂಬಿಸಿದೆ: ಪರಿವರ್ತನೆ ನಿಜವಾಗಿ ಬೇಕಾಗುತ್ತದೆಯೇ, ಏಕಕಾಲದಲ್ಲಿ ಎಷ್ಟು ಪರಿವರ್ತನೆಗಳು ನಡೆಯಬೇಕು, ಮತ್ತು ಆ ಕೆಲಸಕ್ಕೆಂದೇ ರೂಪಿಸಿದ ವಿದ್ಯುನ್ಮಂಡಲ ಯಂತ್ರದಲ್ಲಿ ಇದೆಯೇ. ಮೂರನೆಯದು ಇದ್ದರೆ ಕಡಿಮೆ ವಿದ್ಯುತ್ ಬಳಸುವ ಸಣ್ಣ ಗಣಕವೂ ಸಾಕಾಗುತ್ತದೆ. ಇಲ್ಲದಿದ್ದರೆ ದುಬಾರಿ ಗಣಕವೂ ತಡವರಿಸಬಹುದು.

ಹಿನ್ನೆಲೆ

ಡಿಜಿಟಲ್ ವಿಡಿಯೊ ಎಂದರೆ ಕ್ಷಣಕ್ಕೆ ಹಲವು ಬಾರಿ ಬದಲಾಗುವ ಚಿತ್ರಗಳ ಸಾಲು. ಪ್ರತಿ ಚಿತ್ರವನ್ನು ಫ್ರೇಮ್ ಎನ್ನುತ್ತಾರೆ. 1080ಪಿ ವಿಡಿಯೊದ ಒಂದು ಫ್ರೇಮಿನಲ್ಲಿ 1920 × 1080, ಅಂದರೆ 20,73,600 ಪಿಕ್ಸೆಲ್‌ಗಳಿರುತ್ತವೆ. 4ಕೆ ವಿಡಿಯೊದಲ್ಲಿ ಇದು 3840 × 2160, ಅಂದರೆ 82,94,400. ಹಿಂದಿನದರ ಸರಿಯಾಗಿ ನಾಲ್ಕು ಪಟ್ಟು. ಸಾಮಾನ್ಯ ವಿಧಾನದಲ್ಲಿ ಪ್ರತಿ ಪಿಕ್ಸೆಲ್‌ಗೆ ಸರಾಸರಿ 12 ಬಿಟ್ ಬಳಸಿದರೂ, ಸೆಕೆಂಡಿಗೆ 30 ಫ್ರೇಮ್‌ಗಳ 4ಕೆ ವಿಡಿಯೊ ಸಂಕೋಚನವಿಲ್ಲದೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ದತ್ತಾಂಶವಾಗುತ್ತದೆ. ಇದನ್ನು ಹಾಗೆಯೇ ಸಂಗ್ರಹಿಸುವುದಾಗಲಿ ಕಳುಹಿಸುವುದಾಗಲಿ ಮನೆಗಳಲ್ಲಿ ಸಾಧ್ಯವಿಲ್ಲ.

ಆದ್ದರಿಂದ ವಿಡಿಯೊವನ್ನು ಸಂಕೋಚಿಸಿ ಇಡಲಾಗುತ್ತದೆ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾಗದ ಭಾಗಗಳನ್ನು ಮತ್ತೆ ಬರೆಯದೆ, ಚಲಿಸಿದ ಭಾಗ ಎಷ್ಟು ದೂರ ಸರಿಯಿತು ಎಂಬುದನ್ನು ಮಾತ್ರ ದಾಖಲಿಸುವುದು ಇದರ ಮೂಲತತ್ತ್ವ. ಹೀಗೆ ಸಂಕೋಚಿಸುವ ಕ್ರಿಯೆ ಸಂಕೇತೀಕರಣ. ಮತ್ತೆ ಚಿತ್ರಗಳಾಗಿ ಬಿಡಿಸುವುದು ವಿಸಂಕೇತೀಕರಣ. ಇವೆರಡರ ನಿಯಮಾವಳಿಯೇ ಕೊಡೆಕ್. ಆ್ಯಪಲ್ ಸಂಸ್ಥೆ ತನ್ನ ಫೋನ್‌ಗಳಿಗೆ ಕೊಡುವ ಅಂದಾಜಿನಂತೆ, ಎಚ್.265 ಕೊಡೆಕ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್‌ಗಳ 4ಕೆ ಚಿತ್ರೀಕರಣಕ್ಕೆ ನಿಮಿಷಕ್ಕೆ ಸುಮಾರು 170 ಮೆಗಾಬೈಟ್ ಬೇಕು. ಇದು ಸೆಕೆಂಡಿಗೆ ಸುಮಾರು 23 ಮೆಗಾಬಿಟ್. ಸಂಕೋಚನವಿಲ್ಲದ ರೂಪದ 130ನೆಯ ಒಂದು ಭಾಗದಷ್ಟು.

ಬಳಕೆಯಲ್ಲಿರುವ ಪ್ರಮುಖ ಕೊಡೆಕ್‌ಗಳು ಇವು:

• ಎಂಪೆಗ್-2: 1990ರ ದಶಕದ ಮಾನಕ. ಡಿವಿಡಿ ಮತ್ತು ಆರಂಭದ ಡಿಜಿಟಲ್ ಟಿವಿ ಪ್ರಸಾರಗಳ ಆಧಾರ.
• ಎಚ್.264: 2003ರಲ್ಲಿ ಪ್ರಕಟವಾಯಿತು. ಇಂದಿನ ಬಹುತೇಕ ಎಲ್ಲ ಟಿವಿ, ಫೋನ್ ಮತ್ತು ಬ್ರೌಸರ್‌ಗಳು ಇದನ್ನು ಓದಬಲ್ಲವು.
• ಎಚ್.265: 2013ರಲ್ಲಿ ಪ್ರಕಟವಾಯಿತು. ಎಚ್.264ಕ್ಕಿಂತ ಕಡಿಮೆ ಬಿಟ್ ದರದಲ್ಲಿ ಅದೇ ಗುಣಮಟ್ಟ ನೀಡುತ್ತದೆ. 4ಕೆ ಡಿಸ್ಕ್‌ಗಳ ಮತ್ತು ಹಲವು ಫೋನ್ ಕ್ಯಾಮೆರಾಗಳ ಕೊಡೆಕ್.
• ಎವಿ1: 2018ರಲ್ಲಿ ಅಲಯನ್ಸ್ ಫಾರ್ ಓಪನ್ ಮೀಡಿಯಾ ಒಕ್ಕೂಟ ಪ್ರಕಟಿಸಿದ, ಪರವಾನಗಿ ಶುಲ್ಕವಿಲ್ಲದ ಕೊಡೆಕ್.

ಕೊಡೆಕ್ ಹೊಸದಾದಷ್ಟೂ ಕಡತದ ಗಾತ್ರ ಇಳಿಯುತ್ತದೆ, ಲೆಕ್ಕಾಚಾರ ಹೆಚ್ಚುತ್ತದೆ. ವಿಸಂಕೇತೀಕರಣಕ್ಕಿಂತ ಸಂಕೇತೀಕರಣದ ಹೊರೆ ಬಹಳ ಹೆಚ್ಚು. ಯಾವ ಭಾಗ ಎತ್ತ ಚಲಿಸಿತು ಎಂಬುದನ್ನು ಸಂಕೇತೀಕರಿಸುವ ಯಂತ್ರವೇ ಹುಡುಕಬೇಕು, ಬಿಡಿಸುವ ಯಂತ್ರ ಬರೆದಿಟ್ಟದ್ದನ್ನು ಅನುಸರಿಸಿದರೆ ಸಾಕು. ಟ್ರಾನ್ಸ್‌ಕೋಡಿಂಗ್‌ನಲ್ಲಿ ಈ ಎರಡೂ ಕೆಲಸಗಳು ವಿಡಿಯೊ ಓಡುವ ವೇಗಕ್ಕೆ ಸಮನಾಗಿ, ಅಥವಾ ಅದಕ್ಕಿಂತ ಬೇಗ ನಡೆಯಬೇಕು. ಹಿಂದೆ ಬಿದ್ದರೆ ನೋಡುಗರ ಪರದೆಯಲ್ಲಿ ಚಿತ್ರ ನಿಂತು ನಿಂತು ಸಾಗುತ್ತದೆ.

ವಿಡಿಯೊ ಒದಗಿಸುವ ಮೂರು ವಿಧಾನಗಳು

ಮಾಧ್ಯಮ ಸರ್ವರ್ ಪ್ರತಿ ಬಾರಿಯೂ ಟ್ರಾನ್ಸ್‌ಕೋಡಿಂಗ್ ಮಾಡುವುದಿಲ್ಲ. ನೋಡುಗರ ಸಾಧನದ ಸಾಮರ್ಥ್ಯವನ್ನು ಕೇಳಿ ತಿಳಿದು, ಕೆಳಗಿನ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ.

ನೇರ ಚಾಲನೆ: ಕಡತವನ್ನು ಇದ್ದಂತೆಯೇ ಕಳುಹಿಸುವುದು. ಇಲ್ಲಿ ಸರ್ವರ್‌ನ ಕೆಲಸ ಡಿಸ್ಕ್‌ನಿಂದ ಓದಿ ಜಾಲಕ್ಕೆ ಕೊಡುವುದಷ್ಟೆ. 4ಕೆ ವಿಡಿಯೊ ಆದರೂ ಹಳೆಯ ಗಣಕ ಇದನ್ನು ಸಲೀಸಾಗಿ ಮಾಡುತ್ತದೆ.

ಹೊದಿಕೆ ಬದಲಾವಣೆ: ವಿಡಿಯೊ ಮತ್ತು ಧ್ವನಿಯ ಕೊಡೆಕ್‌ಗಳನ್ನು ಮುಟ್ಟದೆ, ಅವನ್ನು ಹಿಡಿದಿಟ್ಟಿರುವ ಕಡತದ ಸ್ವರೂಪವನ್ನು ಮಾತ್ರ ಬದಲಾಯಿಸುವುದು. ಎಂಕೆವಿ ಕಡತವನ್ನು ಓದದ ಸಾಧನಕ್ಕೆ ಅದೇ ವಿಡಿಯೊವನ್ನು ಎಂಪಿ4 ರೂಪದಲ್ಲಿ ಕೊಡುವುದು ಇದಕ್ಕೆ ಉದಾಹರಣೆ. ಹೊರೆ ಅತ್ಯಲ್ಪ. ಧ್ವನಿಯನ್ನು ಮಾತ್ರ ಪರಿವರ್ತಿಸಬೇಕಾದಾಗಲೂ ಹೊರೆ ಹೆಚ್ಚಾಗುವುದಿಲ್ಲ.

ಟ್ರಾನ್ಸ್‌ಕೋಡಿಂಗ್: ವಿಡಿಯೊವನ್ನೇ ಬಿಡಿಸಿ ಮರಳಿ ಸಂಕೇತೀಕರಿಸುವುದು. ಸಾಧನಕ್ಕೆ ಕೊಡೆಕ್ ಗೊತ್ತಿಲ್ಲದಿರುವುದು, ಸಂಪರ್ಕದ ವೇಗ ಸಾಲದಿರುವುದು, ನೋಡುಗರು ಸ್ವತಃ ಕಡಿಮೆ ಗುಣಮಟ್ಟವನ್ನು ಆರಿಸಿರುವುದು, ಉಪಶೀರ್ಷಿಕೆಯನ್ನು ಚಿತ್ರದ ಮೇಲೆಯೇ ಅಚ್ಚೊತ್ತಬೇಕಾಗಿರುವುದು, ಎಚ್‌ಡಿಆರ್ ವಿಡಿಯೊವನ್ನು ಸಾಮಾನ್ಯ ಪರದೆಗೆ ಹೊಂದಿಸಬೇಕಾಗಿರುವುದು ಇದಕ್ಕೆ ಸಾಮಾನ್ಯ ಕಾರಣಗಳು.

ತಂತ್ರಾಂಶದ ನಿಯಂತ್ರಣ ಫಲಕದಲ್ಲಿ ಪ್ರತಿ ವೀಕ್ಷಣೆಯೂ ಯಾವ ವಿಧಾನದಲ್ಲಿ, ಯಾವ ಕಾರಣಕ್ಕೆ ನಡೆಯುತ್ತಿದೆ ಎಂಬುದು ಕಾಣಿಸುತ್ತದೆ. ಹೊಸ ಯಂತ್ರಾಂಶ ಕೊಳ್ಳುವ ಮೊದಲು ಇದನ್ನು ಕೆಲವು ದಿನ ಗಮನಿಸುವುದು ಉಪಯುಕ್ತ. ಫೋನಿನ ಆ್ಯಪ್‌ನಲ್ಲಿ ಗುಣಮಟ್ಟವನ್ನು ಕಡಿಮೆಗೆ ನಿಗದಿಪಡಿಸಿರುವುದರಿಂದಲೇ ಅನಗತ್ಯ ಪರಿವರ್ತನೆ ನಡೆಯುತ್ತಿದ್ದರೆ, ಆ ಒಂದು ಆಯ್ಕೆಯನ್ನು ಬದಲಾಯಿಸಿದರೆ ಹೊರೆ ಇಲ್ಲವಾಗುತ್ತದೆ.

ಪ್ರೊಸೆಸರ್ ಮೂಲಕ ಟ್ರಾನ್ಸ್‌ಕೋಡಿಂಗ್

ಗಣಕದ ಮುಖ್ಯ ಪ್ರೊಸೆಸರ್ ಯಾವ ಕೊಡೆಕ್ ಅನ್ನಾದರೂ ತಂತ್ರಾಂಶದ ಮೂಲಕ ನಿಭಾಯಿಸಬಲ್ಲದು. ಮಾಧ್ಯಮ ಸರ್ವರ್‌ಗಳು ಈ ಕೆಲಸಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶವನ್ನೋ ಅದರ ಮಾರ್ಪಾಡನ್ನೋ ಬಳಸುತ್ತವೆ. ಫಾಬ್ರಿಸ್ ಬೆಲಾರ್ ಇದನ್ನು 2000ದಲ್ಲಿ ಆರಂಭಿಸಿದರು. ಪ್ರೊಸೆಸರ್ ಮೂಲಕ ಮಾಡಿದ ಸಂಕೇತೀಕರಣಕ್ಕೆ ಸಾಕಷ್ಟು ಸಮಯ ಕೊಟ್ಟರೆ, ಒಂದೇ ಬಿಟ್ ದರದಲ್ಲಿ ಅತ್ಯುತ್ತಮ ಗುಣಮಟ್ಟ ದೊರೆಯುತ್ತದೆ. ಆದರೆ ನೇರ ವೀಕ್ಷಣೆಯಲ್ಲಿ ಸಮಯವೇ ಇರುವುದಿಲ್ಲ.

ಹೊರೆಯ ಪ್ರಮಾಣವನ್ನು ಪ್ಲೆಕ್ಸ್ ಪ್ರಕಟಿಸಿರುವ ಮಾರ್ಗಸೂಚಿಯಿಂದ ಅಂದಾಜಿಸಬಹುದು. ಪಾಸ್‌ಮಾರ್ಕ್ ಎಂಬ ಸಾಮರ್ಥ್ಯ ಪರೀಕ್ಷೆಯ ಅಂಕಗಳಲ್ಲಿ ಹೇಳುವುದಾದರೆ, ಸೆಕೆಂಡಿಗೆ 10 ಮೆಗಾಬಿಟ್‌ನ ಒಂದು 1080ಪಿ ಎಚ್.264 ವಿಡಿಯೊ ಪರಿವರ್ತನೆಗೆ ಸುಮಾರು 2,000 ಅಂಕಗಳ ಪ್ರೊಸೆಸರ್ ಬೇಕು. 40 ಮೆಗಾಬಿಟ್‌ನ 4ಕೆ ಎಚ್.265 ವಿಡಿಯೊಗೆ 12,000 ಮತ್ತು 50 ಮೆಗಾಬಿಟ್‌ನ 10 ಬಿಟ್ ಎಚ್‌ಡಿಆರ್ 4ಕೆ ವಿಡಿಯೊಗೆ 17,000 ಅಂಕಗಳು ಬೇಕು. ಪಿಕ್ಸೆಲ್‌ಗಳು ನಾಲ್ಕು ಪಟ್ಟು ಹೆಚ್ಚಿದರೆ ಹೊರೆ ಆರರಿಂದ ಎಂಟು ಪಟ್ಟು ಹೆಚ್ಚುತ್ತದೆ. ಕೊಡೆಕ್, ಬಿಟ್ ದರ ಮತ್ತು ಬಣ್ಣದ ಆಳಗಳೂ ಜೊತೆಗೆ ಬದಲಾಗಿರುವುದೇ ಇದಕ್ಕೆ ಕಾರಣ. ಇಬ್ಬರು ಏಕಕಾಲಕ್ಕೆ ನೋಡಿದರೆ ಈ ಅಂಕಗಳನ್ನು ಕೂಡಿಸಬೇಕು.

ಮೀಸಲು ವಿದ್ಯುನ್ಮಂಡಲದ ಮೂಲಕ ಟ್ರಾನ್ಸ್‌ಕೋಡಿಂಗ್

ಕೊಡೆಕ್‌ನ ಲೆಕ್ಕಾಚಾರಗಳನ್ನು ಮಾತ್ರ ಮಾಡುವಂತೆ ಚಿಪ್‌ನೊಳಗೆ ರೂಪಿಸಿದ ಭಾಗವೇ ಮೀಸಲು ವಿದ್ಯುನ್ಮಂಡಲ. ಇದು ಬೇರೆ ಯಾವ ಕೆಲಸಕ್ಕೂ ಬಾರದು. ಆದರೆ ತನ್ನ ಕೆಲಸವನ್ನು ಅತ್ಯಲ್ಪ ವಿದ್ಯುತ್ತಿನಲ್ಲಿ ಬಹಳ ವೇಗವಾಗಿ ಮುಗಿಸುತ್ತದೆ. ಅಂಗೈಯಗಲದ ಡಿಟಿಎಚ್ ಪೆಟ್ಟಿಗೆಯೊಂದು ಫ್ಯಾನ್ ಕೂಡ ಇಲ್ಲದೆ ಇಡೀ ದಿನ ವಿಡಿಯೊ ತೋರಿಸುವುದು ಇಂತಹ ವಿಸಂಕೇತೀಕರಣ ಭಾಗದಿಂದಲೇ.

ಗಣಕಗಳಲ್ಲಿ ಈ ಭಾಗ ಸಾಮಾನ್ಯವಾಗಿ ಗ್ರಾಫಿಕ್ಸ್ ವಿಭಾಗದೊಳಗೆ ಇರುತ್ತದೆ.

• ಇಂಟೆಲ್: ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ 2011ರ ಪ್ರೊಸೆಸರ್‌ಗಳಿಂದ ಬಂದಿದೆ. 6ನೆಯ ತಲೆಮಾರಿನಲ್ಲಿ 8 ಬಿಟ್ ಎಚ್.265, 7ನೆಯ ತಲೆಮಾರಿನಲ್ಲಿ 10 ಬಿಟ್ ಎಚ್.265 ಸೇರಿದವು. 11ನೆಯ ತಲೆಮಾರಿನಿಂದ ಎವಿ1 ಬಿಡಿಸುವ ಸಾಮರ್ಥ್ಯ ಬಂದಿತು. 2022ರ ಆರ್ಕ್ ಗ್ರಾಫಿಕ್ಸ್ ಕಾರ್ಡ್‌ಗಳು ಎವಿ1ಗೆ ಸಂಕೇತೀಕರಿಸಲೂ ಬಲ್ಲವು.
• ಎನ್‌ವಿಡಿಯಾ: ಸಂಕೇತೀಕರಣದ ಭಾಗ ಎನ್‌ವಿಎನ್‌ಸಿ 2012ರಲ್ಲಿ ಬಂದಿತು. 2022ರ ಆರ್‌ಟಿಎಕ್ಸ್ 40 ಸರಣಿಯಲ್ಲಿ ಎವಿ1 ಸಂಕೇತೀಕರಣ ಸೇರಿತು. ಸಾಮಾನ್ಯ ಗ್ರಾಹಕರ ಕಾರ್ಡ್‌ಗಳಲ್ಲಿ ಏಕಕಾಲದ ಸಂಕೇತೀಕರಣಗಳ ಸಂಖ್ಯೆಗೆ ಚಾಲಕ ತಂತ್ರಾಂಶದ ಮಿತಿಯಿದ್ದು, ಅದನ್ನು ಹಂತಹಂತವಾಗಿ ಏರಿಸಲಾಗಿದೆ.
• ಎಎಂಡಿ: ಈ ಭಾಗವನ್ನು ವಿಸಿಎನ್ ಎಂದು ಕರೆಯುತ್ತದೆ. 2022ರ ಆರ್‌ಎಕ್ಸ್ 7000 ಸರಣಿಯಿಂದ ಎವಿ1 ಸಂಕೇತೀಕರಣವಿದೆ.

2023ರಲ್ಲಿ ಬಂದ ಇಂಟೆಲ್ ಎನ್100 ಈ ತತ್ತ್ವಕ್ಕೆ ಒಳ್ಳೆಯ ನಿದರ್ಶನ. ನಾಲ್ಕು ಕೋರ್‌ಗಳ ಈ ಪ್ರೊಸೆಸರ್‌ನ ನಿಗದಿತ ವಿದ್ಯುತ್ ಮಿತಿ 6 ವ್ಯಾಟ್. ಇದರ ಪಾಸ್‌ಮಾರ್ಕ್ ಅಂಕ 12,000ದ ಅರ್ಧಕ್ಕಿಂತ ಕಡಿಮೆ. ಮೇಲಿನ ಮಾರ್ಗಸೂಚಿಯಂತೆ ಇದು ಒಂದೇ ಒಂದು 4ಕೆ ವಿಡಿಯೊವನ್ನೂ ಪರಿವರ್ತಿಸಲಾರದು. ಆದರೆ ಇದರೊಳಗಿನ ಕ್ವಿಕ್ ಸಿಂಕ್ ಭಾಗವನ್ನು ಬಳಸಿದಾಗ ಒಂದಕ್ಕಿಂತ ಹೆಚ್ಚು 4ಕೆ ಪರಿವರ್ತನೆಗಳು ಒಟ್ಟಿಗೆ ಸಾಗುತ್ತವೆ.

ಕೊಳ್ಳುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ವಿಭಾಗವೇ ಇರುವುದಿಲ್ಲ. ಅವುಗಳಲ್ಲಿ ಕ್ವಿಕ್ ಸಿಂಕ್ ದೊರೆಯದು. ರಾಸ್ಪ್‌ಬೆರಿ ಪೈ 5ರಲ್ಲಿ ಎಚ್.265 ಬಿಡಿಸುವ ಭಾಗವಿದ್ದರೂ ಸಂಕೇತೀಕರಣದ ಭಾಗವಿಲ್ಲ; ಅದು ನೇರ ಚಾಲನೆಗೆ ಸಾಕು, 4ಕೆ ಟ್ರಾನ್ಸ್‌ಕೋಡಿಂಗ್‌ಗೆ ತಕ್ಕುದಲ್ಲ. 10 ಬಿಟ್ ಎಚ್.264 ವಿಡಿಯೊವನ್ನು ಬಹುತೇಕ ಮೀಸಲು ಭಾಗಗಳು ಬಿಡಿಸಲಾರವು. ಆ ಕೆಲಸ ಪ್ರೊಸೆಸರ್ ಮೇಲೆಯೇ ಬೀಳುತ್ತದೆ. ತಂತ್ರಾಂಶದ ಶುಲ್ಕವೂ ಒಂದು ಅಂಶ: ಪ್ಲೆಕ್ಸ್‌ನಲ್ಲಿ ಮೀಸಲು ಭಾಗದ ಬಳಕೆಗೆ ಪ್ಲೆಕ್ಸ್ ಪಾಸ್ ಎಂಬ ಚಂದಾ ಬೇಕು. 2018ರ ಡಿಸೆಂಬರ್‌ನಲ್ಲಿ ಎಂಬಿಯಿಂದ ಕವಲೊಡೆದ ಜೆಲ್ಲಿಫಿನ್ ಮುಕ್ತ ತಂತ್ರಾಂಶವಾಗಿದ್ದು, ಅದರಲ್ಲಿ ಈ ಸೌಲಭ್ಯಕ್ಕೆ ಶುಲ್ಕವಿಲ್ಲ.

ಎಚ್‌ಡಿಆರ್ ಮತ್ತು ವರ್ಣ ಹೊಂದಾಣಿಕೆ

ಎಚ್‌ಡಿಆರ್ ವಿಡಿಯೊದಲ್ಲಿ ಬೆಳಕು ಮತ್ತು ಬಣ್ಣಗಳ ವ್ಯಾಪ್ತಿ ಹೆಚ್ಚು. ಇದನ್ನು ಹೊಂದಾಣಿಕೆಯಿಲ್ಲದೆ ಸಾಮಾನ್ಯ ಪರದೆಗೆ ಕಳುಹಿಸಿದರೆ ಚಿತ್ರ ಬೂದಿ ಬಳಿದಂತೆ ಮಂಕಾಗುತ್ತದೆ. ಸರ್ವರ್ ಪ್ರತಿ ಪಿಕ್ಸೆಲ್‌ನ ಪ್ರಕಾಶವನ್ನು ಸಾಮಾನ್ಯ ಪರದೆಯ ಮಿತಿಗೆ ಇಳಿಸಿ ಲೆಕ್ಕಹಾಕಬೇಕು. ಪ್ರೊಸೆಸರ್ ಒಂದರಿಂದಲೇ ಈ ಕೆಲಸ ಮಾಡಿಸುವುದು ಬಹಳ ಭಾರವಾದ್ದರಿಂದ, ಗ್ರಾಫಿಕ್ಸ್ ವಿಭಾಗದ ಸಾಮಾನ್ಯ ಲೆಕ್ಕಾಚಾರ ಘಟಕಗಳನ್ನು ಬಳಸಲಾಗುತ್ತದೆ. ಆದ್ದರಿಂದ ಎಚ್‌ಡಿಆರ್ ಕಡತಗಳಿರುವ ಸಂಗ್ರಹಕ್ಕೆ ಗ್ರಾಫಿಕ್ಸ್ ವಿಭಾಗದ ಒಟ್ಟು ಬಲವನ್ನೂ ನೋಡಬೇಕು. ಅದೇ ಯಂತ್ರದಲ್ಲಿ ಏಕಕಾಲಕ್ಕೆ ಸಾಗುವ ವೀಕ್ಷಣೆಗಳ ಸಂಖ್ಯೆ ಸಾಮಾನ್ಯ 4ಕೆ ವಿಡಿಯೊಗಿಂತ ಕಡಿಮೆಯಾಗುತ್ತದೆ.

ಉಪಶೀರ್ಷಿಕೆ ಮತ್ತು ಕನ್ನಡ ಲಿಪಿ

ಪಠ್ಯರೂಪದ ಉಪಶೀರ್ಷಿಕೆಗಳನ್ನು ಹಲವು ಸಾಧನಗಳು ತಾವೇ ತೋರಿಸಬಲ್ಲವು. ಬ್ಲೂ-ರೇ ಡಿಸ್ಕ್‌ಗಳಲ್ಲಿರುವ ಚಿತ್ರರೂಪದ ಉಪಶೀರ್ಷಿಕೆಗಳನ್ನು ಓದಲಾರದ ಸಾಧನಗಳಿಗೆ ಸರ್ವರ್ ಅವನ್ನು ಪ್ರತಿ ಫ್ರೇಮಿನ ಮೇಲೆ ಅಚ್ಚೊತ್ತಿ ಕೊಡಬೇಕಾಗುತ್ತದೆ. ಹೀಗಾಗಿ ನೇರವಾಗಿ ಓಡುತ್ತಿದ್ದ 4ಕೆ ವಿಡಿಯೊ, ಉಪಶೀರ್ಷಿಕೆಯನ್ನು ಆರಿಸಿದ ಕೂಡಲೇ ಪೂರ್ಣ ಟ್ರಾನ್ಸ್‌ಕೋಡಿಂಗ್‌ಗೆ ತಿರುಗಬಹುದು.

ಕನ್ನಡ ಉಪಶೀರ್ಷಿಕೆಗಳನ್ನು ಸರ್ವರ್‌ನಲ್ಲೇ ಅಚ್ಚೊತ್ತುವಾಗ ಇನ್ನೆರಡು ಅಗತ್ಯಗಳಿವೆ. ಮೊದಲನೆಯದಾಗಿ, ಸರ್ವರ್‌ನಲ್ಲಿ ನೋಟೊ ಸಾನ್ಸ್ ಕನ್ನಡದಂತಹ ಯೂನಿಕೋಡ್ ಅಕ್ಷರಶೈಲಿ ಇರಬೇಕು. ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತವೆ. ಒತ್ತಕ್ಷರಗಳನ್ನು ಸರಿಯಾದ ಸ್ಥಾನದಲ್ಲಿ ಕೂರಿಸಲು ಅಕ್ಷರಜೋಡಣೆಯ ತಂತ್ರಾಂಶವೂ ಬೇಕು. ಎಫ್‌ಎಫ್‌ಎಂಪೆಗ್ ಬಳಸುವ ಲಿಬ್‌ಆ್ಯಸ್ ಇದಕ್ಕೆ ಹಾರ್ಫ್‌ಬಝ್ ಅನ್ನು ಅವಲಂಬಿಸಿದೆ. ಎರಡನೆಯದಾಗಿ, ಉಪಶೀರ್ಷಿಕೆಯ ಕಡತ ಯೂನಿಕೋಡ್‌ನಲ್ಲಿರಬೇಕು. ನುಡಿ ಮತ್ತು ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ವಿಧಾನದಲ್ಲಿ ಬೆರಳಚ್ಚು ಮಾಡಿದ ಪಠ್ಯ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಅದನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಮೆಮೊರಿ, ಸಂಗ್ರಹ ಮತ್ತು ಜಾಲ

ಟ್ರಾನ್ಸ್‌ಕೋಡಿಂಗ್‌ಗೆ ರ‍್ಯಾಮ್ ಅಗತ್ಯ ಅಷ್ಟಾಗಿ ಇಲ್ಲ. ಸಣ್ಣ ಕುಟುಂಬದ ಸರ್ವರ್‌ಗೆ 8 ಗಿಗಾಬೈಟ್ ಸಾಮಾನ್ಯವಾಗಿ ಸಾಕಾಗುತ್ತದೆ. ಪರಿವರ್ತಿಸಿದ ತುಣುಕುಗಳನ್ನು ಸರ್ವರ್ ಒಂದು ತಾತ್ಕಾಲಿಕ ಕಡತಕೋಶದಲ್ಲಿ ಬರೆದಿಡುತ್ತದೆ. ಈ ಕೋಶವನ್ನು ಎಸ್‌ಎಸ್‌ಡಿಯಲ್ಲಿ ಇರಿಸುವುದು ರೂಢಿ. ಚಲನಚಿತ್ರ ಮತ್ತು ಕುಟುಂಬದ ವಿಡಿಯೊಗಳಿಗೆ ಸಾಮಾನ್ಯ ಹಾರ್ಡ್ ಡಿಸ್ಕ್ ಸಾಕು: ಸೆಕೆಂಡಿಗೆ 100 ಮೆಗಾಬಿಟ್‌ನ ವಿಡಿಯೊ ಎಂದರೆ 12.5 ಮೆಗಾಬೈಟ್ ಮಾತ್ರ. ಇಂದಿನ ಹಾರ್ಡ್ ಡಿಸ್ಕ್ ಸಾಲಾಗಿ ಓದುವಾಗ ಇದರ ಹತ್ತು ಪಟ್ಟಿಗೂ ಹೆಚ್ಚು ವೇಗ ಕೊಡುತ್ತದೆ.

ಮನೆಯೊಳಗಿನ ಜಾಲದಲ್ಲಿ ತಂತಿಯ ಗಿಗಾಬಿಟ್ ಸಂಪರ್ಕ ಉತ್ತಮ. 4ಕೆ ಬ್ಲೂ-ರೇ ಡಿಸ್ಕ್‌ನ ದತ್ತಾಂಶ ಸೆಕೆಂಡಿಗೆ 128 ಮೆಗಾಬಿಟ್‌ವರೆಗೂ ಏರಬಹುದು. ಹಲವು ಟಿವಿಗಳ ಈಥರ್ನೆಟ್ ಕಿಂಡಿಯ ಮಿತಿ 100 ಮೆಗಾಬಿಟ್ ಮಾತ್ರ. ಇಂತಹ ಟಿವಿಗೆ ಒಳ್ಳೆಯ ವೈ-ಫೈ ಸಂಪರ್ಕವೇ ಹೆಚ್ಚು ವೇಗ ಕೊಡುವುದುಂಟು.

ಮನೆಯ ಹೊರಗಿನವರಿಗೆ ಕಳುಹಿಸುವಾಗ ಮುಖ್ಯವಾಗುವುದು ಮನೆಯ ಸಂಪರ್ಕದ ಅಪ್‌ಲೋಡ್ ವೇಗ. ಇದು ಡೌನ್‌ಲೋಡ್ ವೇಗಕ್ಕಿಂತ ಬಹಳ ಕಡಿಮೆಯಿರುವ ಯೋಜನೆಗಳಿವೆ. ಜೊತೆಗೆ, ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಸಂಪರ್ಕಗಳಲ್ಲಿ ಹೊರಗಿನಿಂದ ಸರ್ವರ್ ಅನ್ನು ನೇರವಾಗಿ ತಲುಪಲು ಆಗುವುದಿಲ್ಲ. ಐಪಿವಿ6 ವಿಳಾಸ ಅಥವಾ ವೈರ್‌ಗಾರ್ಡ್‌ನಂತಹ ಖಾಸಗಿ ಸುರಂಗ ಸಂಪರ್ಕ ಇದಕ್ಕೆ ಪರಿಹಾರ.

ಹಾಸನ ಜಿಲ್ಲೆಯ ಸಂದರ್ಭ

ವಿಡಿಯೊ ಪ್ರಸಾರದ ತಂತ್ರಜ್ಞಾನದೊಂದಿಗೆ ಹಾಸನ ನಗರಕ್ಕೆ ಹಳೆಯ ನಂಟಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ, ಅಂದರೆ ಎಂ.ಸಿ.ಎಫ್., 1982ರಲ್ಲಿ ಇಲ್ಲಿ ಸ್ಥಾಪನೆಯಾಯಿತು. ಇನ್ಸಾಟ್ ಮತ್ತು ಜಿಸ್ಯಾಟ್ ಸರಣಿಯ ಭೂಸ್ಥಿರ ಉಪಗ್ರಹಗಳ ಕಕ್ಷೆ ಮತ್ತು ಆರೋಗ್ಯವನ್ನು ಇಲ್ಲಿಂದಲೂ 2005ರಲ್ಲಿ ಆರಂಭವಾದ ಭೋಪಾಲ್ ಕೇಂದ್ರದಿಂದಲೂ ನೋಡಿಕೊಳ್ಳಲಾಗುತ್ತದೆ. ದೂರದರ್ಶನದ ಡಿಡಿ ಫ್ರೀ ಡಿಶ್ ಸೇವೆಯನ್ನು ಹೊತ್ತಿರುವ ಜಿಸ್ಯಾಟ್-15 ಅವುಗಳಲ್ಲೊಂದು. ಇಂತಹ ಪ್ರಸಾರದಲ್ಲಿ ವಿಡಿಯೊದ ಸಂಕೇತೀಕರಣ ಭೂಕೇಂದ್ರದಲ್ಲಿ ಒಮ್ಮೆ ನಡೆಯುತ್ತದೆ; ಉಪಗ್ರಹ ಅದನ್ನು ಬದಲಾಯಿಸದೆ ಹಿಂದಿರುಗಿಸುತ್ತದೆ; ಕೋಟ್ಯಂತರ ಮನೆಗಳ ಪೆಟ್ಟಿಗೆಗಳು ಒಂದೇ ರೂಪವನ್ನು ಬಿಡಿಸುತ್ತವೆ. ಗೃಹ ಸರ್ವರ್‌ನ ಸ್ಥಿತಿ ಇದಕ್ಕೆ ತದ್ವಿರುದ್ಧ: ಕಡತಗಳೂ ಹಲವು ರೂಪದವು, ನೋಡುವ ಸಾಧನಗಳೂ ಹಲವು ರೂಪದವು. ಆದ್ದರಿಂದಲೇ ಅದಕ್ಕೆ ಟ್ರಾನ್ಸ್‌ಕೋಡಿಂಗ್ ಬೇಕಾಗುತ್ತದೆ.

ಕಡತಗಳ ವೈವಿಧ್ಯಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಒಳ್ಳೆಯ ಉದಾಹರಣೆ. 1993, 2006 ಮತ್ತು 2018ರಲ್ಲಿ ಇದು ನಡೆಯಿತು. ಮೂರನ್ನೂ ಮನೆಯವರೇ ಚಿತ್ರೀಕರಿಸಿದ್ದರೆ, ಮೊದಲನೆಯದು ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ, ಎರಡನೆಯದು ಮಿನಿ ಡಿವಿ ಟೇಪ್‌ನಲ್ಲಿ, ಮೂರನೆಯದು ಫೋನಿನ ಎಚ್.264 ಅಥವಾ ಎಚ್.265 ಕಡತದಲ್ಲಿ ಇರುವ ಸಂಭವ ಹೆಚ್ಚು. ಭಾರತದ ಹಳೆಯ ಪಾಲ್ ವಿಡಿಯೊ ಸೆಕೆಂಡಿಗೆ 50 ಅರೆಚಿತ್ರಗಳನ್ನು ಸಾಲು ಬಿಟ್ಟು ಸಾಲು ತೋರಿಸುತ್ತಿತ್ತು. ಇಂದಿನ ಪರದೆಗೆ ಅವನ್ನು ಕೂಡಿಸಿ ಪೂರ್ಣ ಫ್ರೇಮ್ ಮಾಡಬೇಕು. ಇಲ್ಲದಿದ್ದರೆ ಚಲಿಸುವ ವಸ್ತುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಡಿವಿ ಟೇಪಿನ ವಿಡಿಯೊ ಸೆಕೆಂಡಿಗೆ 25 ಮೆಗಾಬಿಟ್, ಗಂಟೆಗೆ ಸುಮಾರು 13 ಗಿಗಾಬೈಟ್. ಸ್ಪಷ್ಟತೆ ಕಡಿಮೆಯಾದರೂ ಬಿಟ್ ದರ ಇಂದಿನ ಫೋನಿನ 4ಕೆ ವಿಡಿಯೊಗಿಂತ ತುಸು ಹೆಚ್ಚೇ. ಹೀಗೆ ಹಳೆಯ, ಮಸುಕಾದ ವಿಡಿಯೊಗಳಿಗೂ ಪರಿವರ್ತನೆ ಬೇಕಾಗುತ್ತದೆ. ಆದರೆ ಪಿಕ್ಸೆಲ್‌ಗಳು ಕಡಿಮೆಯಿರುವುದರಿಂದ ಯಾವ ಸಾಮಾನ್ಯ ಗಣಕವಾದರೂ ಅದನ್ನು ನಿಭಾಯಿಸುತ್ತದೆ.

ಸಾಧನಗಳ ವೈವಿಧ್ಯವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಹೊಳೆನರಸೀಪುರದ ಲಕ್ಷ್ಮೀನರಸಿಂಹಸ್ವಾಮಿ ರಥೋತ್ಸವವನ್ನು ಮನೆಯವರೊಬ್ಬರು ಫೋನಿನಲ್ಲಿ 4ಕೆ ಎಚ್.265 ರೂಪದಲ್ಲಿ ಚಿತ್ರೀಕರಿಸಿ, ಅದೇ ಊರಿನ ಮನೆಯ ಸರ್ವರ್‌ನಲ್ಲಿ ಇಟ್ಟಿದ್ದಾರೆ. ಬಿಟ್ ದರ ಸೆಕೆಂಡಿಗೆ 23 ಮೆಗಾಬಿಟ್ ಎಂದುಕೊಳ್ಳೋಣ. ಅದನ್ನು ಒಂದೇ ಸಂಜೆ ನಾಲ್ವರು ನೋಡುತ್ತಾರೆ.

• ಅದೇ ಮನೆಯ ಹೊಸ 4ಕೆ ಟಿವಿ: ನೇರ ಚಾಲನೆ. ಪರಿವರ್ತನೆಯ ಹೊರೆಯಿಲ್ಲ, ಅಂತರ್ಜಾಲವೂ ಬೇಕಿಲ್ಲ.
• ಚನ್ನರಾಯಪಟ್ಟಣದಲ್ಲಿರುವ ಮಗಳ ಮನೆಯ, ಎಚ್.265 ಓದದ ಹಳೆಯ ಟಿವಿ: 1080ಪಿ ಎಚ್.264ಗೆ ಪರಿವರ್ತನೆ, 8 ಮೆಗಾಬಿಟ್.
• ಅರಕಲಗೂಡು ತಾಲ್ಲೂಕಿನ ಹಳ್ಳಿಯಲ್ಲಿ ಮೊಬೈಲ್ ಸಂಪರ್ಕದಲ್ಲಿ ನೋಡುವ ಅಜ್ಜಿಯ ಫೋನ್: 720ಪಿಗೆ ಪರಿವರ್ತನೆ, 4 ಮೆಗಾಬಿಟ್.
• ಹಾಸನದಲ್ಲಿರುವ ಮಗನ ಹೊಸ ಫೋನ್: ವೇಗದ ಸಂಪರ್ಕವಿರುವುದರಿಂದ ನೇರ ಚಾಲನೆ, 23 ಮೆಗಾಬಿಟ್.

ನಾಲ್ಕು ವೀಕ್ಷಣೆಗಳಲ್ಲಿ ಪರಿವರ್ತನೆ ಎರಡು ಮಾತ್ರ. ಹೊರಹೋಗುವ ದತ್ತಾಂಶ ಒಟ್ಟು 35 ಮೆಗಾಬಿಟ್. ಪ್ರೊಸೆಸರ್ ಒಂದನ್ನೇ ನಂಬಿದರೆ ಎರಡು ಪರಿವರ್ತನೆಗಳಿಗೆ 24,000 ಪಾಸ್‌ಮಾರ್ಕ್ ಅಂಕಗಳ ಆಸುಪಾಸಿನ ಯಂತ್ರ ಬೇಕಾಗಬಹುದು. ಕ್ವಿಕ್ ಸಿಂಕ್ ಇರುವ ಎನ್100 ವರ್ಗದ ಸಣ್ಣ ಗಣಕ ಅದೇ ಕೆಲಸ ಮಾಡುತ್ತದೆ. ಅಪ್‌ಲೋಡ್ ವೇಗ 30 ಮೆಗಾಬಿಟ್ ಮಾತ್ರ ಇದ್ದರೆ ಎಷ್ಟು ಬಲವಾದ ಸರ್ವರ್ ತಂದರೂ ನಾಲ್ಕೂ ವೀಕ್ಷಣೆಗಳು ಇದೇ ಗುಣಮಟ್ಟದಲ್ಲಿ ಸಾಗವು. ಆಗ ಮಗನ ಫೋನಿಗೂ ಪರಿವರ್ತಿಸಿ ಕೊಡಬೇಕಾಗುತ್ತದೆ. ಮೂರನೆಯ ಪರಿವರ್ತನೆ ಸೇರುತ್ತದೆ. ಹೀಗೆ ಸಂಪರ್ಕದ ಕೊರತೆಯು ಯಂತ್ರಾಂಶದ ಹೊರೆಯಾಗಿ ಬದಲಾಗುತ್ತದೆ.

ವಿದ್ಯುತ್ ಮತ್ತು ಸುರಕ್ಷತೆ

ಸರ್ವರ್ ಹಗಲಿರುಳು ಚಾಲೂ ಇರುವ ಯಂತ್ರವಾದ್ದರಿಂದ ಅದರ ವಿದ್ಯುತ್ ಬಳಕೆ ಕೊಳ್ಳುವ ಬೆಲೆಯಷ್ಟೇ ಮುಖ್ಯ. ಸರಾಸರಿ 10 ವ್ಯಾಟ್ ಬಳಸುವ ಸಣ್ಣ ಗಣಕಕ್ಕೆ ವರ್ಷಕ್ಕೆ ಸುಮಾರು 88 ಯೂನಿಟ್ ಬೇಕು. ಸರಾಸರಿ 80 ವ್ಯಾಟ್ ಬಳಸುವ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಗಣಕಕ್ಕೆ ಸುಮಾರು 701 ಯೂನಿಟ್ ಬೇಕು.

ವಿದ್ಯುತ್ ಥಟ್ಟನೆ ಹೋದಾಗ ಬರೆಯುತ್ತಿದ್ದ ಕಡತ ಮತ್ತು ಡಿಸ್ಕ್‌ನ ಕಡತವ್ಯವಸ್ಥೆ ಕೆಡುವ ಅಪಾಯವಿದೆ. ಮನೆಗಳಲ್ಲಿ ಸಾಮಾನ್ಯವಾಗಿರುವ ಇನ್ವರ್ಟರ್ ಬಳಸುವುದಾದರೆ, ಬೇಗ ಬದಲಾಗುವ ಯುಪಿಎಸ್ ವಿಧಾನದಲ್ಲಿ ಅದನ್ನು ಇರಿಸಬೇಕು. ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲಿ ಗಣಕ ಆರಿಹೋಗಬಹುದು. ಸರ್ವರ್‌ನ ಜೊತೆಗೆ ರೌಟರ್ ಮತ್ತು ಫೈಬರ್ ಪೆಟ್ಟಿಗೆಗೂ ಅದೇ ಆಸರೆ ಬೇಕು. ಮುಂಗಾರುಪೂರ್ವ ಮಳೆಯ ದಿನಗಳಲ್ಲಿ ಗುಡುಗು ಸಿಡಿಲಿನಿಂದ ಉಪಕರಣಗಳನ್ನು ಕಾಪಾಡಲು ಸರಿಯಾದ ಅರ್ಥಿಂಗ್ ಮತ್ತು ಸರ್ಜ್ ರಕ್ಷಕ ಅಗತ್ಯ. ಎರಡು ಕಟ್ಟಡಗಳ ನಡುವೆ ತಾಮ್ರದ ಈಥರ್ನೆಟ್ ತಂತಿ ಎಳೆಯುವುದಕ್ಕಿಂತ ವಿದ್ಯುತ್ ಹರಿಸದ ಗಾಜಿನ ಫೈಬರ್ ಸುರಕ್ಷಿತ.

ಮೂಲ ಕಡತದ ಸಂರಕ್ಷಣೆ

ಟ್ರಾನ್ಸ್‌ಕೋಡಿಂಗ್‌ನಲ್ಲಿ ಪ್ರತಿ ಬಾರಿಯೂ ಒಂದಿಷ್ಟು ವಿವರ ಶಾಶ್ವತವಾಗಿ ನಷ್ಟವಾಗುತ್ತದೆ. ಪರಿವರ್ತಿಸಿದ್ದನ್ನೇ ಮತ್ತೆ ಪರಿವರ್ತಿಸಿದರೆ ನಷ್ಟ ಬೆಳೆಯುತ್ತಾ ಹೋಗುತ್ತದೆ. ನೋಡುವ ವೇಳೆಯಲ್ಲಿ ನಡೆಯುವ ಟ್ರಾನ್ಸ್‌ಕೋಡಿಂಗ್ ಮೂಲ ಕಡತವನ್ನು ಮುಟ್ಟುವುದಿಲ್ಲ, ಆದ್ದರಿಂದ ಅಪಾಯವಿಲ್ಲ. ಅಪಾಯವಿರುವುದು, ಜಾಗ ಉಳಿಸಲೆಂದು ಇಡೀ ಸಂಗ್ರಹವನ್ನು ಸಣ್ಣ ಕಡತಗಳಾಗಿ ಪರಿವರ್ತಿಸಿ ಮೂಲವನ್ನು ಅಳಿಸುವುದರಲ್ಲಿ. ಚಲನಚಿತ್ರವೊಂದರ ಪ್ರತಿ ಬೇರೆಡೆ ಸಿಗಬಹುದು. ಮದುವೆಯ, ನಾಮಕರಣದ, ಈಗಿಲ್ಲದ ಹಿರಿಯರ ದನಿಯ ಏಕೈಕ ಪ್ರತಿಯನ್ನು ಮತ್ತೆ ಪಡೆಯಲಾಗದು. ಅಲ್ಲದೆ ಮುಂದಿನ ವರ್ಷಗಳ ಕೊಡೆಕ್ ಮತ್ತು ಸುಧಾರಣಾ ತಂತ್ರಗಳು ಮೂಲ ಕಡತದಿಂದ ಇಂದಿಗಿಂತ ಉತ್ತಮ ಪ್ರತಿಯನ್ನು ತೆಗೆಯಬಲ್ಲವು. ಕುಗ್ಗಿಸಿದ ಕಡತದಿಂದ ಅದು ಸಾಧ್ಯವಾಗದು.

ನೋಡಲು ಅನುಕೂಲವಾಗುವಂತೆ 1080ಪಿ ಎಚ್.264 ಪ್ರತಿಯೊಂದನ್ನು ರಾತ್ರಿಯ ವೇಳೆ ನಿಧಾನವಾಗಿ ತಯಾರಿಸಿ, ಮೂಲದ ಪಕ್ಕದಲ್ಲೇ ಇಡುವುದು ಒಂದು ಮಧ್ಯಮಾರ್ಗ. ಇದಕ್ಕೆ ಹೆಚ್ಚಿನ ಡಿಸ್ಕ್ ಜಾಗ ಬೇಕು. ಆದರೆ ನೇರ ಪರಿವರ್ತನೆಯ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ, ಮೀಸಲು ವಿದ್ಯುನ್ಮಂಡಲವಿಲ್ಲದ ಹಳೆಯ ಗಣಕವೂ ಸರ್ವರ್ ಆಗಬಲ್ಲದು. ಮೂಲ ಕಡತಗಳ ಇನ್ನೊಂದು ಪ್ರತಿ ಬೇರೊಂದು ಡಿಸ್ಕ್‌ನಲ್ಲಿ, ಸಾಧ್ಯವಾದರೆ ಬೇರೊಂದು ಊರಿನಲ್ಲಿ ಇರಬೇಕು. ಒಂದೇ ಪೆಟ್ಟಿಗೆಯೊಳಗೆ ಜೋಡಿಸಿದ ಎರಡು ಡಿಸ್ಕ್‌ಗಳು ಒಂದು ಡಿಸ್ಕ್ ಕೆಟ್ಟಾಗ ನೆರವಾಗುತ್ತವೆ. ಸಿಡಿಲು, ಕಳ್ಳತನ ಅಥವಾ ತಪ್ಪಾಗಿ ಅಳಿಸುವಿಕೆಯಿಂದ ಕಾಪಾಡುವುದಿಲ್ಲ.

ಆಯ್ಕೆಯ ಕ್ರಮ

ಯಂತ್ರಾಂಶವನ್ನು ನಿರ್ಧರಿಸಲು ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಸಂಗ್ರಹದಲ್ಲಿರುವ ಕೊಡೆಕ್‌ಗಳನ್ನೂ ನೋಡುವವರ ಸಾಧನಗಳನ್ನೂ ಪಟ್ಟಿಮಾಡಿ, ಎಷ್ಟು ವೀಕ್ಷಣೆಗಳು ನೇರವಾಗಿ ನಡೆಯುತ್ತವೆ ಎಂದು ತಿಳಿಯುವುದು.
2. ಪರಿವರ್ತನೆ ಬೇಕಾಗಿರುವುದು ಒಂದೇ ಹಳೆಯ ಟಿವಿಗಾದರೆ, ಎಚ್.265 ಓದಬಲ್ಲ ಸಣ್ಣ ಸ್ಟ್ರೀಮಿಂಗ್ ಪೆಟ್ಟಿಗೆಯನ್ನು ಆ ಟಿವಿಗೆ ಜೋಡಿಸುವುದು. ಇದು ಹೊಸ ಸರ್ವರ್‌ಗಿಂತ ಅಗ್ಗ.
3. ಮನೆಯ ಅಪ್‌ಲೋಡ್ ವೇಗವನ್ನು ಅಳೆದು, ಹೊರಗಿನ ಎಷ್ಟು ವೀಕ್ಷಣೆಗಳನ್ನು ಅದು ಹೊರಬಲ್ಲದು ಎಂದು ಲೆಕ್ಕಹಾಕುವುದು.
4. ಉಳಿದ ಪರಿವರ್ತನೆಗಳ ಸಂಖ್ಯೆಗೆ ತಕ್ಕಂತೆ, ಸಂಗ್ರಹದಲ್ಲಿರುವ ಕೊಡೆಕ್‌ಗಳನ್ನು ಬಿಡಿಸಬಲ್ಲ ಮತ್ತು ಕನಿಷ್ಠ ಎಚ್.264ಗೆ ಸಂಕೇತೀಕರಿಸಬಲ್ಲ ಮೀಸಲು ಭಾಗವಿರುವ ಯಂತ್ರವನ್ನು ಆರಿಸುವುದು.
5. ಯಂತ್ರಕ್ಕೆ ಮೀಸಲಿಟ್ಟ ಹಣದಲ್ಲಿ ಒಂದು ಭಾಗವನ್ನು ಎರಡನೆಯ ಪ್ರತಿಯ ಡಿಸ್ಕ್‌ಗೂ ವಿದ್ಯುತ್ ಆಸರೆಗೂ ಎತ್ತಿಡುವುದು.